ಪರದೆಯ ಹಿಂದಿನ ಡ್ರಮ್ಮು

ನಿಜವಾದ ಕಲಾವಿದನಿಗೆ ಹೆಸರಿನ ಹಂಗಿಲ್ಲ. ಅಜ್ಞಾತನಾಗಿ ಉಳಿಯುವುದೇ ಅವನ ಹಿರಿಮೆ. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಪೋಸ್ಟರಿನ ನಟ್ಟನಡುವೆ ನಿಂತಿರುತ್ತಾರೆ.

ಬ್ಯಾಂಕಿನಿಂದ ನಿವೃತ್ತನಾದ ನಾನು ಬಜಾಜ್ ನಗರದ ಒಂದು ಸ್ಟುಡಿಯೋದಲ್ಲಿ ಗಿಟಾರ್ ನುಡಿಸುತ್ತೇನೆ. ಡ್ರಮ್ಮು ನನ್ನ ಗೆಳೆಯರೊಬ್ಬರದು; ಧಾರವಾಡದ ಕಡೆಯವರು, ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಂಡಿದ್ದವರು. ಸ್ಟುಡಿಯೋದ ಮಾಲೀಕ ಈ ಮರಾಠಿ ಊರಲ್ಲೇ ಹುಟ್ಟಿದ ಕನ್ನಡಿಗ; ಕಳೆದ ವರ್ಷ ಅವನಿಗೆ ಸರ್ಫ್ ಸಂಗೀತದ ಹುಚ್ಚು ಹಿಡಿಯಿತು. ಅಮೆರಿಕದ ಕಡಲತೀರದ ಹಳೆಯ ಸಂಗೀತ ಅದು: ಗಿಟಾರು ಅಲೆಯಂತೆ ಏರಿ ಒಡೆಯಬೇಕು, ಡ್ರಮ್ಮು ರೇಸ್ ಕಾರಿನಂತೆ ಗುಡುಗಬೇಕು. ಅಲ್ಲಿಯೂ ಎಷ್ಟೋ ಸಲ ನುಡಿಸಿದವರು ಸ್ಟುಡಿಯೋದ ಬಾಡಿಗೆ ವಾದ್ಯಗಾರರು, ರೆಕಾರ್ಡಿನ ಹೊದಿಕೆಯ ಮೇಲೆ ಹಲ್ಲು ಕಿರಿದವರು ಬೇರೆ ಹುಡುಗರು. ಸಮುದ್ರವನ್ನು ಹೆಚ್ಚಾಗಿ ಕ್ಯಾಲೆಂಡರಿನಲ್ಲೇ ನೋಡಿದ್ದ ನಾವಿಬ್ಬರೂ ಅಲೆ ಎಬ್ಬಿಸಿದೆವು. ನಮ್ಮ ಧ್ವನಿಮುದ್ರಣ ನಗರದ ಸ್ಪರ್ಧೆಯೊಂದರ ಅಂತಿಮ ಸುತ್ತಿಗೆ ಆಯ್ಕೆಯಾಯಿತು.

ಗೆಳೆಯರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರು ಡ್ರಮ್ಮು ಬಾರಿಸುತ್ತಾರೆಂಬುದನ್ನು ಅವರ ಹೆಂಡತಿ ನಂಬಿರಲಿಲ್ಲ. "ದಿನಾ ಬಸ್ ಹತ್ತಿ ಇಸ್ಪೀಟ್ ಆಡಾಕ ಹೊಕ್ಕಾರ್ರಿ," ಎಂದು ನನ್ನೆದುರಿಗೇ ಹೇಳಿದ್ದರು. ಈಗ ಆಕೆಗೆ ಮೊದಲ ಸಾಲಿನ ಕುರ್ಚಿ.

ಅಂತಿಮ ಸುತ್ತಿನ ಸಂಜೆ ಮಾಲೀಕ ಹೂವಿನ ಶರ್ಟು ತೊಟ್ಟ ಕಾಲೇಜು ಹುಡುಗರಿಬ್ಬರನ್ನು ಕರೆತಂದ. "ಕಾಕಾ, ನೀವು ಪರದೆ ಹಿಂದೆ ಬಾರಿಸಿ. ಮುಂದೆ ಇವರು ಆ್ಯಕ್ಟಿಂಗ್ ಮಾಡ್ತಾರೆ, ಬರೋಬರ್ ಕಾಣುತ್ತೆ. ಈ ಸಂಗೀತದ ಪದ್ಧತಿನೇ ಇದು."

"ಮನ್ಯಾಗ ಏನ್ ಹೇಳ್ಲಿ ತಮ್ಮಾ?" ಎಂದರು ಗೆಳೆಯರು. ಮಾಲೀಕ ಆಗಲೇ ಪರದೆ ಕಟ್ಟಿಸುತ್ತಿದ್ದ.

ಆಟ ಶುರುವಾಯಿತು. ಮಧ್ಯೆ ಡ್ರಮ್ಮೊಂದೇ ನುಡಿಯುವ ಜಾಗ ಧ್ವನಿಮುದ್ರಣದಲ್ಲಿ ಎಂಟು ಆವರ್ತ. ಡ್ರಮ್ಮಿನ ಮುಂದೆ ಕೂತ ಹುಡುಗ ಎಂಟನ್ನೂ ಶ್ರದ್ಧೆಯಿಂದ ಉರು ಹೊಡೆದಿದ್ದ. ಪರದೆಯ ಹಿಂದೆ ಗೆಳೆಯರು ಎಂಟಕ್ಕೆ ನಿಲ್ಲಲಿಲ್ಲ, ಹದಿನೈದಕ್ಕೂ ನಿಲ್ಲಲಿಲ್ಲ. ಪರದೆಯ ಸಂದಿಯಿಂದ ನೋಡಿದೆ: ಹುಡುಗ ಕೋಲುಗಳನ್ನು ತೊಡೆಯ ಮೇಲಿಟ್ಟು ಕೂತಿದ್ದಾನೆ, ಡ್ರಮ್ಮು ಗುಡುಗುತ್ತಲೇ ಇದೆ. ಸಭೆ ನಕ್ಕಿತು, ಆಮೇಲೆ ಶಿಳ್ಳೆ ಹೊಡೆಯಿತು. ಈ ವಯಸ್ಸಿನಲ್ಲಿ ಎದೆ ಆ ವೇಗದಲ್ಲಿ ಬಡಿಯಬಾರದು, ನನ್ನದು ಬಡಿಯಿತು.

ಮೊದಲ ಸಾಲಿನಿಂದ ಗೆಳೆಯರ ಹೆಂಡತಿ ಎದ್ದು ನೇರ ವೇದಿಕೆ ಹತ್ತಿದರು. "ಈ ಬಡಿತ ನಮ್ಮನಿ ತಾಟಿನ ಮ್ಯಾಲ ಮೂವತ್ತ್ ವರ್ಷ ಕೇಳೇನಿ," ಎನ್ನುತ್ತ ಪರದೆ ಸರಿಸಿದರು. ಗಂಡನನ್ನು ಒಂದು ಗಳಿಗೆ ನೋಡಿದರು. "ಬೆವತೀರಿ. ಮಾರಿ ಒರಸ್ಕೋರಿ."

ಅವರು ಒರೆಸಿಕೊಳ್ಳಲಿಲ್ಲ. ಇನ್ನೂ ನಾಲ್ಕು ಆವರ್ತ ಬಾರಿಸಿದರು.

ನಮ್ಮ ತಂಡಕ್ಕೆ ಮೂರನೆಯ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ಹುಡುಗರ ಹೆಸರಿದೆ; ಫೋಟೋದಲ್ಲಿ ಗೆಳೆಯರೂ ಅವರ ಹೆಂಡತಿಯೂ ಇದ್ದಾರೆ.