ಆದಿಯ ಬಟ್ಟಲಿನ ಬಾರಿಹಣ್ಣು

೨೦೦೪ರಲ್ಲಿ ನಾನು ಹೈದರಾಬಾದಿನ ಮಾದಾಪುರದ ಒಂದು ಕ್ರೆಶ್‌ನಲ್ಲಿ ಟಾಡ್ಲರ್ ಗುಂಪಿನ ಟೀಚರ್ ಆಗಿದ್ದೆ. ಟಾಡ್ಲರ್ ಎಂದರೆ ನಡೆಯಲು ಕಲಿತ, ಹೇಳಿದ್ದು ಕೇಳಲು ಇನ್ನೂ ಕಲಿಯದ ಮಕ್ಕಳು. ಒಂದರಿಂದ ಮೂರು ವರ್ಷದೊಳಗಿನವರು. ಸುತ್ತಲೂ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಪ್ಪ, ಅಮ್ಮ ಇಬ್ಬರೂ ಕಂಪ್ಯೂಟರ್ ಮುಂದೆ, ಮಕ್ಕಳು ನಮ್ಮ ಮುಂದೆ.

ಆ ವರ್ಷ ನಮ್ಮ ಎದುರಿಗೇ ಹೊಸ ಪ್ಲೇ ಸ್ಕೂಲೊಂದು ತೆರೆಯಿತು. ಸಂಕ್ರಾಂತಿ ರಜೆಗೆಂದು ಅವರು ತಮ್ಮ ಮಕ್ಕಳಿಗೆ ಬಣ್ಣದ ಪೆಟ್ಟಿಗೆ ಹಂಚಿದರು. ಒಳಗೆ ಮರದ ಗಾಳಿಪಟ, ಪ್ಲಾಸ್ಟಿಕ್ ಕಬ್ಬು. ನಮ್ಮ ತಾಯಂದಿರು ನನ್ನೆದುರೇ ಅದನ್ನು ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಇಬ್ಬರು ಅಕ್ಕಂದಿರು, ಒಬ್ಬ ತಮ್ಮನ ನಡುವೆ ಬೆಳೆದವಳು ನಾನು. ಹೊಟ್ಟೆಕಿಚ್ಚು ನನಗೆ ಹೊಸದಲ್ಲ, ಅದರ ಬಗ್ಗೆ ನಾಚಿಕೆಯೂ ಇಲ್ಲ. ಪ್ಲಾಸ್ಟಿಕ್ ಕಬ್ಬು ಯಾರಿಗೆ ಬೇಕು ಎಂದುಕೊಂಡು, ಹಬ್ಬಕ್ಕೆ ಮನೆಗೆ ಬರುವ ಸಾಮಾನಿನಲ್ಲೇ ಆಡಿಸಬಹುದಾದ ಆಟಗಳನ್ನು ತಾಯಂದಿರಿಗೆ ಹೇಳಿಕೊಟ್ಟೆ.

ಶ್ರೀದೇವಿಗೆ ಹೇಳಿದ್ದು ಸಾರ್ಟಿಂಗ್, ಅಂದರೆ ವಿಂಗಡಿಸುವ ಆಟ. ಅವಳು ರಾಯಚೂರಿನವಳು, ಸಾಫ್ಟ್‌ವೇರ್ ಇಂಜಿನಿಯರ್. ಮಗ ಆದಿಗೆ ಎರಡೂವರೆ ವರ್ಷ, ಮಗಳು ಐದು ತಿಂಗಳ ಕೂಸು. ತಂಗಿ ಬಂದ ಮೇಲೆ ಆದಿ ಕೈಗೆ ಸಿಕ್ಕಿದಾಗಲೆಲ್ಲ ಅವಳನ್ನು ಚಿವುಟುತ್ತಿದ್ದ. ಹಬ್ಬಕ್ಕೆ ಬಂದ ಅವನ ಅಜ್ಜಿ ಒಂದು ತೀರ್ಮಾನ ಮಾಡಿಬಿಟ್ಟಿದ್ದರು: ಹಬ್ಬ ಮುಗಿದೊಡನೆ ಹುಡುಗ ತಮ್ಮ ಜೊತೆ ರಾಯಚೂರಿಗೆ.

"ಕೂಸು ದೊಡ್ಡದಾಗೋತನಾ ಇವ ನನ್ನ ಹತ್ರ ಇರ್ಲಿ ಅಂತಾರ್ರಿ ಅತ್ತಿ," ಎಂದು ಶ್ರೀದೇವಿ ಕ್ರೆಶ್ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. "ಇವನ್ನ ಬಿಟ್ಟು ನಾ ಹ್ಯಾಂಗ ಇರ್ಲಿರಿ ಟೀಚರ್?"

ಕೈಗೆ ಕೆಲಸ ಸಿಕ್ಕರೆ ಚಿವುಟುವುದು ಕಡಿಮೆಯಾಗುತ್ತದೆ ಎಂದೆ. ಬಾರಿಹಣ್ಣು ಅಂದರೆ ಎಲಚಿ, ಚೆಂಡುಹೂವಿನ ಎಸಳು, ಕಬ್ಬಿನ ತುಂಡು ಬೆರೆಸಿ ಕೊಡು, ಬೇರೆ ಬೇರೆ ಬಟ್ಟಲಿಗೆ ತುಂಬಲಿ, ಬೀಜ ಗಂಟಲಿಗೆ ಸಿಕ್ಕದಂತೆ ನೀನು ಪಕ್ಕದಲ್ಲೇ ಕೂತಿರು ಎಂದು ಹೇಳಿ ಕಳಿಸಿದೆ.

ಆಟ ಹಿಡಿಸಿತು. ರಜೆಯಲ್ಲಿ ಹುಡುಗ ಬೆಳಗಾದರೆ ಬಟ್ಟಲ ಮುಂದೆ. ಯಾರಾದರೂ ಒಂದು ಹಣ್ಣು ಮುಟ್ಟಿದರೆ "ನಂದು" ಎಂದು ಬಟ್ಟಲು ಅಪ್ಪಿಕೊಳ್ಳುತ್ತಿದ್ದನಂತೆ.

ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಸಂಜೆ, ನನ್ನನ್ನೂ ಮನೆಗೆ ಕರೆದಿದ್ದರು. ಆ ದಿನ ದೃಷ್ಟಿ ತೆಗೆಯಲು ಚಿಕ್ಕ ಮಕ್ಕಳ ತಲೆಗೆ ಬಾರಿಹಣ್ಣು ಎರೆಯುವ ಪದ್ಧತಿ. ಅಣ್ಣ ತಂಗಿಯನ್ನು ಅಕ್ಕಪಕ್ಕ ಕೂರಿಸಿದರು. ಕೂಸು ತಾಯಿಯ ತೊಡೆಯ ಮೇಲೆ. ಅಜ್ಜಿ ಒಳಗಿನಿಂದ ಆದಿಯ ಬಟ್ಟಲುಗಳನ್ನೇ ಎತ್ತಿ ತಂದರು. ಎರೆಯಲು ಬೇರೆ ಹಣ್ಣು ತಂದಿರುತ್ತಾರೆಂದು ನಾನು ತಿಳಿದಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಆರಿಸಿಟ್ಟದ್ದೆಲ್ಲ ತಂಗಿಯ ಮೇಲೆ ಸುರಿಯಿತು. ಮೊದಲ ಭೋಗಿ ಅವಳದ್ದಲ್ಲವೇ, ನೆರೆಯವರೆಲ್ಲರ ಕೈ ಅವಳ ಕಡೆಗೇ. ಆದಿಯ ತಲೆಗೆ ಬಿದ್ದದ್ದು ಒಂದೆರಡು ಹಣ್ಣು, ನಾಲ್ಕು ಎಸಳು. ಅವನ ಪರವಾಗಿ ನನಗೇ ಹೊಟ್ಟೆ ಉರಿಯಿತು.

ಅವನು ತಂಗಿಯ ಸುತ್ತ ಬಿದ್ದದ್ದನ್ನು ನೋಡಿದ, ತನ್ನ ಮಡಿಲನ್ನು ನೋಡಿದ. "ಪಾಪುಗ ಭಾಳ," ಎಂದ. "ನನಗ ಕಮ್ಮಿ."

ಹೆಚ್ಚು, ಕಡಿಮೆ ಎಂಬುದನ್ನು ಕಲಿಸಲು ಕ್ರೆಶ್‌ನಲ್ಲಿ ನಾನು ಲೋಟ, ನೀರು ಇಟ್ಟುಕೊಂಡು ತಿಂಗಳುಗಟ್ಟಲೆ ಹೆಣಗಿದ್ದೆ. ಅಸೂಯೆ ಒಂದೇ ಕ್ಷಣದಲ್ಲಿ ಕಲಿಸಿತ್ತು.

ಅವನು ಎದ್ದು ತಂಗಿಯತ್ತ ನಡೆದಾಗ ಅಜ್ಜಿ ಅವನ ತೋಳು ಹಿಡಿದರು. "ನೋಡ್ರಿ, ಈಗ ಹೊಡಿತಾನ."

"ಬಿಡಿ ಅಮ್ಮ, ಅವು ಅವನವು," ಎಂದೆ. ನನ್ನ ದನಿ ಸ್ವಲ್ಪ ಗಡುಸಾಗಿಯೇ ಇತ್ತು. ಅಜ್ಜಿ ಕೈ ಬಿಟ್ಟರು.

ಆದಿ ಖಾಲಿ ಬಟ್ಟಲು ತಂದು ಕೂತ. ತಂಗಿಯ ಲಂಗದ ಮೇಲಿನದು, ತಾಯಿಯ ಸೆರಗಿನಲ್ಲಿದ್ದದ್ದು, ಚಾಪೆಯ ಕೆಳಗೆ ಉರುಳಿದ್ದು, ಎಲ್ಲವನ್ನೂ ಒಂದೊಂದಾಗಿ ಹೆಕ್ಕಿ ತುಂಬಿದ. ಆರತಿ ಹಿಡಿದವರು ಹಾಗೇ ನಿಂತಿದ್ದರು. ಕೊನೆಗೆ ಒಂದು ಹಣ್ಣು ಉಳಿಯಿತು, ಕೂಸಿನ ಮುಷ್ಟಿಯಲ್ಲಿ. ಆದಿ ಅವಳ ಬೆರಳು ಹಿಡಿದು ಎಳೆದ. ಅವಳು ಬಿಡಲಿಲ್ಲ.

ಅವನು ತುಂಬಿದ ಬಟ್ಟಲನ್ನೊಮ್ಮೆ ನೋಡಿದ, ಆ ಮುಷ್ಟಿಯನ್ನೊಮ್ಮೆ ನೋಡಿದ.

"ಇರ್ಲಿ," ಎಂದ. "ಪಾಪುಗ ಒಂದ."

ಕೂಸು ಅದನ್ನು ಬಾಯಿಗೆ ಒಯ್ಯುವ ಮೊದಲೇ ನಾನು ಮೆಲ್ಲಗೆ ಬಿಡಿಸಿಕೊಂಡೆ. ಅದಕ್ಕೂ ಆದಿ ನನ್ನನ್ನು ದುರುಗುಟ್ಟಿ ನೋಡಿದ: "ಟೀಚರ್, ಅದು ಪಾಪುಂದು."

ಅಜ್ಜಿ ಆದಿಯ ತಲೆಯ ಮೇಲೆ ಉಳಿದಿದ್ದ ಎಸಳನ್ನು ತೆಗೆದರು. ಆಮೇಲೆ ಸೊಸೆಗೆ, "ಇಲ್ಲೇ ಇರ್ಲಿ ಬಿಡವಾ ಇವ. ನಾನ ಬೇಕಾದ್ರ ಇನ್ನ ನಾಕ ದಿನಾ ಇರ್ತೀನಿ," ಎಂದರು. ಚಿವುಟುವುದು ಆ ಸಂಜೆಗೇ ನಿಂತಿತೆಂದರೆ ಸುಳ್ಳಾಗುತ್ತದೆ. ಕಡಿಮೆಯಾಯಿತು, ಅಷ್ಟೇ. ಆದರೆ ಅವನು ತಾಯಿಯ ಹತ್ತಿರವೇ ಉಳಿದ.

ನಾವು ಮಕ್ಕಳಿಗೆ ಮೊದಲು ಹಂಚಿಕೊಳ್ಳುವುದನ್ನು ಕಲಿಸಲು ಹೊರಡುತ್ತೇವೆ, ಅದೂ ಸಮಸಮ. ಹೊಟ್ಟೆಕಿಚ್ಚು ಪಡುವವರಿಗೆ ಸಮಪಾಲು ಸಾಲದು ಎಂಬುದು ನನಗಾದರೂ ಗೊತ್ತಿರಬೇಕಿತ್ತು. ಮೊದಲು ಬಟ್ಟಲು ತುಂಬಬೇಕು. ಆಮೇಲೆ ಒಂದು ಹಣ್ಣು ಬಿಟ್ಟುಕೊಡುವ ದೊಡ್ಡಸ್ತಿಕೆ ತಾನಾಗಿಯೇ ಬರುತ್ತದೆ.