ಒರೆಸಿದ ಎಣ್ಣೆ

ರುಕ್ಮಿಣಿಯಮ್ಮ, ನಿಮ್ಮ ಗಂಡ ಗೋವಿಂದ ಸತ್ತದ್ದು ನಿಮ್ಮಣ್ಣನ ತಪ್ಪಿನಿಂದಲ್ಲ. ನನ್ನಿಂದ. ಇದನ್ನು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು — ಅದೂ ಒಂದು ತಪ್ಪೇ.

ನಾನು ಮದ್ರಾಸಿನಲ್ಲಿ, ಮಾಧವರಂನ ಲಾರಿ ಶೆಡ್ಡಿನ ಹೆಡ್ ಮೆಕ್ಯಾನಿಕ್. ಕುಂದಾಪುರದ ಕಡೆಯವನು, ನೀವೆಲ್ಲ ಹೊಸೂರಿನವರು. ಆ ಶೆಡ್ಡಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಇಬ್ಬರೇ — ನಿಮ್ಮಣ್ಣ ದೊರೆಸ್ವಾಮಿ, ನಿಮ್ಮ ಗಂಡ. ಒಂದೇ ಲಾರಿಯ ಇಬ್ಬರು ಡ್ರೈವರುಗಳು.

ಆ ಡಿಸೆಂಬರಿನಲ್ಲಿ ಅವರಿಗೆ ಕಾಶ್ಮೀರದ ಲೋಡು ಬಂತು. ಹೊರಡಲು ಒಂದು ವಾರ ಇರುವಾಗ ದೊರೆಸ್ವಾಮಿ ನನ್ನನ್ನು ಕರೆದು ಮುಂದಿನ ಎಡಗಾಲಿಯ ಶಾಕ್ ಅಬ್ಸಾರ್ಬರ್ ತೋರಿಸಿದ. ಎಣ್ಣೆ ಜಿನುಗುತ್ತಿತ್ತು. ಗುಂಡಿಗೆ ಬಿದ್ದು ಎಗರುವ ಗಾಲಿಯನ್ನು ರಸ್ತೆ ಬಿಡದಂತೆ ಹಿಡಿಯುವುದು ಅದೇ. ಎಣ್ಣೆ ಸೋರಿಹೋದರೆ ಬರೀ ಕೊಳವೆ.

"ಅಲ್ಲಿ ಚಳಿಗೆ ಒಳಗಿನ ರಬ್ಬರು ಕಲ್ಲಾಗ್ಬಿಡ್ತದಂತೆ ಅಣ್ಣ. ಹೊಸದು ಹಾಕ್ಬಿಡಿ" ಎಂದ.

ಹಾಕುತ್ತೇನೆ ಎಂದೆ. ಮರೆತೆ.

ಹೊರಡುವ ಬೆಳಿಗ್ಗೆ ಲಾರಿಯ ಕೆಳಗೆ ಮಲಗಿದಾಗಲೇ ನೆನಪಾದದ್ದು. ಮೌಂಟ್ ರೋಡಿನ ಬಿಡಿಭಾಗದ ಅಂಗಡಿಗೆ ಹೋಗಿ ಹೊಸದು ತಂದು ಹಾಕಲು ಅರ್ಧ ದಿನ ಬೇಕು. ಯಜಮಾನರ ಮುಂದೆ 'ಮರೆತೆ' ಎನ್ನಬೇಕು. ಇಪ್ಪತ್ತು ವರ್ಷ ಗಳಿಸಿದ ಹೆಸರು — ಆ ಒಂದು ಮಾತು ಬಾಯಿಂದ ಹೊರಡಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಜಿಡ್ಡು ಒರೆಸಿ ಕಪ್ಪು ಪೇಂಟು ಬಳಿದೆ. ಹೊಸದರಂತೆಯೇ ಕಂಡಿತು.

"ಹಾಕಿದ್ರಾ ಅಣ್ಣ?"

"ಹಾಕಿದ್ದೇನೆ ಮಾರಾಯ. ಹೊರಡಿ."

ಗೋವಿಂದ ಕೈ ಬೀಸಿದ. ಲಾರಿ ಗೇಟು ದಾಟುವಾಗ ಎಡಗಡೆ ಎರಡು ಸಲ ಕುಣಿಯಿತು. ನಾನು ಕಂಡೆ. ಕೂಗಬಹುದಿತ್ತು — ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದರು.

ಆಮೇಲೆ ದಿನವೂ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕೆಲಸ ಬಿಟ್ಟು ಗೇಟಿನ ಕಡೆ ನೋಡುತ್ತಿದ್ದೆ. ಹತ್ತನೆಯ ದಿನ ತಂತಿ ಬಂತು; ವಿವರ ಆಮೇಲೆ ತಿಳಿಯಿತು. ಹಿಮ ಗಟ್ಟಿಯಾದ ಇಳಿಜಾರು, ಕಿತ್ತುಹೋದ ರಸ್ತೆ, ತಿರುವು. ದೊರೆಸ್ವಾಮಿ ಬ್ರೇಕ್ ಒತ್ತಿದರೂ ಮುಂಗಾಲಿ ಎಗರೆಗರಿ ನೆಲ ಹಿಡಿಯಲಿಲ್ಲ. ಲಾರಿಯ ಎಡಬದಿ ಬಂಡೆಗೆ ಅಪ್ಪಳಿಸಿತು. ಆ ಬದಿಯಲ್ಲಿ ಕುಳಿತಿದ್ದವನು ಗೋವಿಂದ.

ನಾಲ್ಕು ತಿಂಗಳಾದ ಮೇಲೆ ನಿಮ್ಮಣ್ಣ ಕುಂಟುತ್ತಾ ಶೆಡ್ಡಿಗೆ ಬಂದ.

"ಒಂದೇ ಮಾತು ಹೇಳಿ ಅಣ್ಣ. ಗಾಲಿ ಕುಣೀತು. ಶಾಕ್ ಸರಿ ಇತ್ತಲ್ವಾ? ತಂಗಿ ನನ್ ಮುಖ ನೋಡ್ತಿಲ್ಲ."

ಆಗಲಾದರೂ ನಿಜ ಹೇಳಬಹುದಿತ್ತು — ಇಲ್ಲ. "ಶಾಕ್ ಸರಿ ಇತ್ತು. ನೀನು ಸ್ವಲ್ಪ ನಿಧಾನ ಹೋಗಬೇಕಿತ್ತು" ಎಂದೆ.

ಅವನು ತಲೆಯಾಡಿಸಿದ. ನಂಬಿದ. ಮತ್ತೆಂದೂ ಸ್ಟೀರಿಂಗ್ ಮುಟ್ಟಲಿಲ್ಲ. ಮೊದಲ ತಪ್ಪನ್ನು ಅವಸರದಲ್ಲಿ ಮಾಡಿದೆ. ಇದನ್ನು ಅವನ ಮುಖ ನೋಡಿಕೊಂಡೇ ಮಾಡಿದೆ.

ಈ ಬೆಳಿಗ್ಗೆ ಗಿಂಡಿಗೆ ಹೋದೆ. ಅಲ್ಲೊಂದು ಕಾರ್ಖಾನೆಯ ಗೇಟಿನಲ್ಲಿ ಅವನು ಕಾವಲುಗಾರ. ಎಲ್ಲ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕುಳಿತ.

"ತಂಗಿಗೆ ಹೇಳಿದ್ರಾ?"

"ಇಲ್ಲ."

"ಹೋಗಿ ಹೇಳಿ. ನಾನ್ ಹೇಳಿದ್ರೆ ಅವಳು ನಂಬಲ್ಲ."

ಈ ಕಾಗದ ನನಗಿಂತ ಮೊದಲು ನಿಮಗೆ ಬರುತ್ತದೆ; ಭಾನುವಾರ ನಾನೇ ಬರುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ನಿಮ್ಮಿಷ್ಟ. ಹೊರಗೆ ನಿಂತೇ ಇನ್ನೊಮ್ಮೆ ಹೇಳುತ್ತೇನೆ, ಗಟ್ಟಿಯಾಗಿ — ನಿಮ್ಮಣ್ಣನನ್ನು ಕೊಲೆಗಾರ ಎಂದ ನಿಮ್ಮ ಬೀದಿಗೆಲ್ಲ ಕೇಳಿಸುವಂತೆ.