ರಾಜನ ಹಳದಿ ಬೋಗುಣಿ

ಕೊಲ್ಲಿ ದೇಶದ ಕರಾಮ ಪೇಟೆಯಲ್ಲಿ ಮಾಮನ ಪಾತ್ರೆ ಅಂಗಡಿ. ಅಲ್ಲಿ ಧೂಳು ತಿನ್ನುತ್ತಿದ್ದ ಚೀನಾದ ಹಳದಿ ಪಿಂಗಾಣಿ ಬೋಗುಣಿಯನ್ನು ಮಾರಿದರೆ ನನಗೊಂದು ದಿನ ರಜೆ ಅಂದಿದ್ದರು. ಉಡುಪಿ ಕಡೆಯ ಆಂಟಿಯೊಬ್ಬರು ಅದನ್ನು ಎತ್ತಿಕೊಂಡದ್ದೇ ತಡ, ನಾನು ಶುರು ಮಾಡಿದೆ.

"ಚೀನಾದ ರಾಜ ಪಾಯಸ ಕುಡಿಯುತ್ತಿದ್ದದ್ದು ಇಂಥದ್ದರಲ್ಲೇ ಆಂಟಿ."

ಪಕ್ಕದಲ್ಲಿ ಚಮಚ ನೋಡುತ್ತಿದ್ದ ಚೀನಾದ ಹೆಂಗಸು ಇಂಗ್ಲಿಷಿನಲ್ಲಿ ನಡುವೆ ಬಾಯಿ ಹಾಕಿದಳು: "ಇಲ್ಲ, ಇಂಥದ್ದರಲ್ಲಿ ರಾಜ ಉಣ್ಣುತ್ತಿರಲಿಲ್ಲ. ಸತ್ತ ಹಿರಿಯರ ಪೂಜೆಗೆ ಬಡಿಸಿಡುತ್ತಿದ್ದ."

ನನ್ನ ರಜೆ ಖಲಾಸ್ ಅಂದುಕೊಂಡೆ. ಆಂಟಿ ಬೋಗುಣಿ ಕೆಳಗಿಡಲಿಲ್ಲ.

"ಹೌದಾ? ನಮ್ಮ ತೀರಿಹೋದ ಮಾವನವರಿಗೆ ಅಗೆಲಿನ ಎಡೆ ಬಡಿಸಲಿಕ್ಕೆ ಇಲ್ಲಿ ಒಳ್ಳೆ ಪಾತ್ರೆಯೇ ಇಲ್ಲ ಮಾರಾಯ. ಕೋಳಿ ಸಾರು ಹಿಡಿಸ್ತದಾ ಇದರಲ್ಲಿ?"

"ರಾಜನ ಅಜ್ಜನಿಗೇ ಸಾಕಾಗಿತ್ತು ಆಂಟಿ," ಅಂದೆ.

ರಜೆ ನನಗೆ ಸಿಕ್ಕಿತು. ಮಾರಿಕೊಟ್ಟ ಚೀನಾದವಳಿಗೆ ಮಾಮ ಒಂದು ಚಹಾವನ್ನೂ ಕೊಡಲಿಲ್ಲ.